ಲೋಹದ ಮೇಲಿನ ಲೇಪನ ಕಿತ್ತು ಬರುವುದೇಕೆ?

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಬಿಡಿಭಾಗಗಳಿಗೆ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಸಿಂಪಡಿಸಿ ಓವನ್ನಿನಲ್ಲಿ ಕಾಯಿಸಿ ಹಿಡಿಸುವ ಲೇಪನ) ಮಾಡಿಸಲು ಬರುವವರು ಸಾಮಾನ್ಯವಾಗಿ ಬಣ್ಣದ ಛಾಯೆ ಮತ್ತು ದರವನ್ನಷ್ಟೇ ವಿಚಾರಿಸುತ್ತಾರೆ. ಪುಡಿ ಬೀಳುವ ಮೊದಲು ಲೋಹದ ಮೈಗೆ ಏನು ಮಾಡುತ್ತೀರಿ ಎಂದು ಕೇಳುವವರು ವಿರಳ. ಲೇಪನ ನಿಲ್ಲುವುದೋ ಏಳುವುದೋ ಎಂಬುದು ಬಹುಪಾಲು ಅಲ್ಲಿಯೇ ತೀರ್ಮಾನವಾಗಿರುತ್ತದೆ.

ಲೇಪನದಲ್ಲಿರುವ ಎಪಾಕ್ಸಿಯಂತಹ ಪಾಲಿಮರ್ (ಉದ್ದ ಸರಪಳಿಯ ಅಣುಗಳ ರಾಳ) ಅಂಟಿಕೊಳ್ಳುವುದು ಬರಿಯ ಕಬ್ಬಿಣಕ್ಕಲ್ಲ, ಗಾಳಿ ತಾಗಿದೊಡನೆ ಅದರ ಮೇಲೆ ಮೂಡುವ ತೆಳುವಾದ ಆಕ್ಸೈಡ್ ಪದರಕ್ಕೆ. ಎಪಾಕ್ಸಿಯ ಹೈಡ್ರಾಕ್ಸಿಲ್ ಗುಂಪುಗಳು (ಅಣುವಿನಲ್ಲಿರುವ ಆಮ್ಲಜನಕ-ಜಲಜನಕದ ಜೋಡಿಗಳು) ಆ ಪದರದೊಂದಿಗೆ ಹೈಡ್ರೋಜನ್ ಬಂಧ, ಅಂದರೆ ಜಲಜನಕದ ಮೂಲಕ ಕೂಡುವ ಸೆಳೆತ, ಕಟ್ಟಿಕೊಳ್ಳಬೇಕಾದರೆ ಎರಡೂ ಅಣುಗಳ ಅಂತರದಷ್ಟು ಹತ್ತಿರ ಬರಬೇಕು; ನಡುವೆ ಲೋಹ ಕತ್ತರಿಸುವಾಗ ಬಳಸುವ ಕಟಿಂಗ್ ಆಯಿಲ್ ಕಣ್ಣಿಗೆ ಕಾಣದಷ್ಟು ಉಳಿದಿದ್ದರೂ ಬಂಧ ಕೂಡುವುದಿಲ್ಲ. ಥಿನ್ನರ್‌ನಲ್ಲಿ ಅದ್ದಿದ ಒಂದೇ ಬಟ್ಟೆಯಿಂದ ರಾಶಿ ಭಾಗಗಳನ್ನು ಒರೆಸುವ ರೂಢಿಯಂತೂ ಜಿಡ್ಡನ್ನು ತೆಗೆಯುವುದಿಲ್ಲ, ಎಲ್ಲದಕ್ಕೂ ಸಮನಾಗಿ ಹಂಚುತ್ತದೆ. ಜಿಡ್ಡು ಕಳೆಯುವ ಕ್ಷಾರದ ತೊಟ್ಟಿಯಿಂದ ತೆಗೆದು ತೊಳೆದ ತಗಡನ್ನು ಓರೆಯಾಗಿ ಹಿಡಿದಾಗ ನೀರು ಎಲ್ಲಿಯೂ ಒಡೆಯದೆ ತೆಳ್ಳಗೆ ಹರಡಿ ಇಳಿಯಬೇಕು. ಹನಿಗಟ್ಟಿದ ಜಾಗದಲ್ಲಿ ಜಿಡ್ಡು ಉಳಿದಿದೆ ಎಂದರ್ಥ. ಕಾಸು ಖರ್ಚಿಲ್ಲದ ಈ ಪರೀಕ್ಷೆಯನ್ನು ಯಾಕೆ ಬಿಡುತ್ತಾರೋ ತಿಳಿಯದು.

ಲೋಹದ ಸಣ್ಣ ಗುಂಡುಗಳನ್ನು ರಭಸದಿಂದ ಎರಚುವ ಶಾಟ್ ಬ್ಲಾಸ್ಟಿಂಗ್ ಮೈಯನ್ನು ಒರಟಾಗಿಸಿ ಹಿಡಿತಕ್ಕೆ ಜಾಗ ಹೆಚ್ಚಿಸುತ್ತದೆ; ಸತುವಿನ ಫಾಸ್ಫೇಟ್ ದ್ರಾವಣದಿಂದ ಮೈಯನ್ನು ಉಪಚರಿಸುವ ಜಿಂಕ್ ಫಾಸ್ಫೇಟಿಂಗ್ ಸಣ್ಣ ಹರಳುಗಳ ಪದರವನ್ನು ಬೆಳೆಸಿ, ಪಾಲಿಮರ್ ಆ ಸಂದುಗಳೊಳಗೆ ಇಳಿದು ಗಟ್ಟಿಯಾಗುವಂತೆ ಮಾಡುತ್ತದೆ. ಯಾವುದಕ್ಕೂ ಅಂಟದ ಟೆಫ್ಲಾನ್ ಕೂಡ ಬಾಣಲೆಯ ಅಲ್ಯೂಮಿನಿಯಮ್ಮಿಗೆ ನಿಂತದ್ದು, 1950ರ ದಶಕದಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಲೋಹವನ್ನು ಆಮ್ಲದಿಂದ ಕೊರೆದು ಅದಕ್ಕೆ ಹಿಡಿತ ಒದಗಿಸಿದ ಮೇಲೆಯೇ.

ನಮ್ಮಲ್ಲಿ ಮಳೆಗಾಲದ ತೊಡಕು ಬೇರೆ. ಬ್ಲಾಸ್ಟಿಂಗ್ ಮುಗಿದ ಎರಕ ತೇವದ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಕೆಂಪಡರುತ್ತದೆ, ಮತ್ತು ಆ ಸಡಿಲ ತುಕ್ಕಿನ ಮೇಲೆ ಬಿದ್ದ ಲೇಪನ ಮುಂದೆ ತುಕ್ಕಿನ ಸಮೇತ ಏಳುತ್ತದೆ. ದ್ರವರೂಪದ ಬಣ್ಣ ಬಳಿಯುವಾಗ ಲೋಹದ ತಾಪಮಾನ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರತೊಡಗುವ ತಾಪಮಾನಕ್ಕಿಂತ) ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕೆಂಬ ನಿಯಮ ಇರುವುದು ಮೈಮೇಲೆ ತೇವ ಕೂರಬಾರದೆಂದೇ. ಎರಕದ ರಂಧ್ರಗಳಲ್ಲಿ ಅಡಗಿದ ಗಾಳಿ ಮತ್ತು ತೇವ ಓವನ್ನಿನಲ್ಲಿ ಹೊರಬಂದು ಲೇಪನದಲ್ಲಿ ಸೂಜಿಮೊನೆಯ ತೂತುಗಳನ್ನು ಬಿಡುವುದರಿಂದ, ಭಾಗವನ್ನು ಮೊದಲೊಮ್ಮೆ ಬರಿದಾಗಿ ಕಾಯಿಸಿಕೊಳ್ಳುವುದು ಲೇಸು. ಪುಡಿ ಕರಗಿ ಗಟ್ಟಿಯಾಗಲು ಕೊಡುವ, 200 ಡಿಗ್ರಿಯಲ್ಲಿ 10 ನಿಮಿಷ ಎಂಬ ಸೂಚನೆ ಲೋಹದ ತಾಪಮಾನಕ್ಕೆ ಸಂಬಂಧಿಸಿದ್ದು, ಓವನ್ನಿನ ಗಾಳಿಗಲ್ಲ. ದಪ್ಪ ಎರಕ ಅಷ್ಟು ಕಾಯಲು ಹೆಚ್ಚು ಹೊತ್ತು ಬೇಕು.

ಲೇಪನದ ಹಿಡಿತ ನೋಡಲು ಬ್ಲೇಡಿನಿಂದ ಚೌಕುಳಿ ಗೀರಿ, ಟೇಪ್ ಅಂಟಿಸಿ ಕೀಳುವ ಪರೀಕ್ಷೆಯನ್ನು ಒಣ ತುಂಡಿನ ಮೇಲಷ್ಟೇ ಮಾಡಿದರೆ ಸಾಲದು. ಲೇಪನದೊಳಗೆ ಇಳಿಯುವ ನೀರು ಲೋಹದ ಮೈಯಲ್ಲಿ ಪಾಲಿಮರ್‌ನ ಜಾಗವನ್ನು ಆಕ್ರಮಿಸುವುದರಿಂದ, ತುಂಡನ್ನು ಬಿಸಿನೀರಿನಲ್ಲಿ ನೆನೆಸಿಟ್ಟು ಗೀರಿ ನೋಡಿದ ಫಲಿತಾಂಶವನ್ನೂ ಗ್ರಾಹಕರು ಕೇಳಿ ಪಡೆಯಬೇಕು.