ಯೇಸು ನಿಜವಾಗಿ ಇದ್ದನಾ? ಪೌಲನ ಪತ್ರ ಓದಿ ಅಂತೀನಿ

ಆರಂಭದ ಕ್ರೈಸ್ತರ ಚರಿತ್ರೆ ಓದುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ: "ಯೇಸು ನಿಜವಾಗಿ ಇದ್ದನಾ, ಇಲ್ಲಾ ಆಮೇಲೆ ಕಟ್ಟಿದ ಕಥೆಯಾ?" ಇದ್ದ ಅಂತಲೇ ನನ್ನ ಉತ್ತರ. ಯಾಕೆ ಅಂತ ಕೇಳಿದರೆ, ಮೊದಲು ಆ ಕಾಲದ ಕ್ರೈಸ್ತ ಬೋಧಕ ಪೌಲನ ಪತ್ರಗಳನ್ನು ಓದಿ ಅನ್ನುತ್ತೇನೆ. ಯೇಸುವಿನ ಜೀವನ ಹೇಳುವ ಪುಸ್ತಕಗಳಾದ ಸುವಾರ್ತೆಗಳು ಆಮೇಲೆ.

ಯೇಸುವನ್ನು ಶಿಲುಬೆಗೆ ಹಾಕಿದ್ದು ಸುಮಾರು ಕ್ರಿ.ಶ. 30ರಲ್ಲಿ. ಸುವಾರ್ತೆಗಳಲ್ಲಿ ಹಳೆಯದಾದ ಮಾರ್ಕನದು 70ರ ಆಸುಪಾಸಿನದು ಎಂದು ಹೆಚ್ಚಿನ ವಿದ್ವಾಂಸರ ಲೆಕ್ಕ. ಪೌಲ ಬರೆದದ್ದು 50ರ ದಶಕದಲ್ಲಿ. ಅವನ ಹೆಸರಿನಲ್ಲಿರುವ 13 ಪತ್ರಗಳಲ್ಲಿ 7 ಅವನವೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚು ತಕರಾರಿಲ್ಲ.

ಇವುಗಳಲ್ಲಿ ಯೇಸುವಿನ ಜೀವನ ಹುಡುಕಿದರೆ ಸಿಗುವುದು ಕಡಿಮೆ. ಅವನ ಊರು ನಜರೇತ್ ಇಲ್ಲ, ಅವನು ಹೇಳಿದ ಸಾಮತಿಗಳು, ಅಂದರೆ ದೃಷ್ಟಾಂತದ ಕಥೆಗಳು ಇಲ್ಲ, ತಾಯಿಯ ಹೆಸರೂ ಇಲ್ಲ. ಯೆಹೂದ್ಯರ ಹಳೆಯ ರಾಜ ದಾವೀದನ ವಂಶದವನು, ಹೆಂಡತಿಯನ್ನು ಬಿಡಬೇಡಿ ಅಂದವನು, ಶಿಲುಬೆಯ ಮೇಲೆ ಸತ್ತವನು, ಇಷ್ಟೇ ಅನ್ನುವಷ್ಟು. "ನೋಡಿ, ಪೌಲನಿಗೆ ಏನೂ ಗೊತ್ತಿಲ್ಲ" ಅನ್ನುವವರಿದ್ದಾರೆ. ಆದರೆ ಅವನು ಬರೆದದ್ದು ಆಗಲೇ ನಂಬಿದ ಜನರಿಗೆ, ಅವರ ಜಗಳ ಬಿಡಿಸಲು. ಯೇಸುವಿನ ಕಥೆ ಹೇಳಲು ಅವನು ಕೂತಿರಲಿಲ್ಲ.

ಗಲಾತ್ಯದ (ಈಗಿನ ಟರ್ಕಿಯ ಒಂದು ಭಾಗ) ಕ್ರೈಸ್ತರಿಗೆ ಬರೆದ ಪತ್ರ ತೆಗೆಯಿರಿ. ಪೌಲ ಸಿಟ್ಟಿನಲ್ಲಿದ್ದಾನೆ. ಯೆಹೂದ್ಯರಲ್ಲದವರೂ ಸುನ್ನತಿ ಮಾಡಿಸಿಕೊಳ್ಳಬೇಕು ಅಂತ ಯಾರೋ ಅಲ್ಲಿ ಹೇಳಿಕೊಟ್ಟಿದ್ದಾರೆ. ನನ್ನ ಬೋಧನೆ ಯಾವ ಮನುಷ್ಯನಿಂದಲೂ ಬಂದದ್ದಲ್ಲ ಎಂದು ಅವನು ಸಾಧಿಸಬೇಕು. ಹಾಗಿದ್ದೂ ಒಪ್ಪಿಕೊಳ್ಳುತ್ತಾನೆ: ಯೇಸುವನ್ನು ನಂಬಿದ ಮೂರು ವರ್ಷದ ಮೇಲೆ ಯೆರೂಸಲೇಮಿಗೆ ಹೋದೆ, ಯೇಸುವಿನ ಶಿಷ್ಯ ಪೇತ್ರನ ಜೊತೆ 15 ದಿನ ಇದ್ದೆ, ಕರ್ತನ (ಅಂದರೆ ಯೇಸುವಿನ) ಸಹೋದರ ಯಾಕೋಬನನ್ನೂ ಕಂಡೆ. ಸುಳ್ಳಲ್ಲ ಅಂತ ದೇವರ ಮುಂದೆ ಆಣೆ ಬೇರೆ. ಈ ಭೇಟಿ ಅವನ ವಾದಕ್ಕೆ ತೊಡಕೇ. ಆದರೂ ಮುಚ್ಚಿಡುವಂತಿರಲಿಲ್ಲ. ಕಟ್ಟುಕಥೆಯ ನಾಯಕನಿಗೆ ಯೆರೂಸಲೇಮಿನಲ್ಲಿ ಹೋಗಿ ಮಾತಾಡಿಸಬಹುದಾದ ಸಹೋದರ ಎಲ್ಲಿಂದ ಬರಬೇಕು? ಕ್ಯಾಥೊಲಿಕರು ಅವನನ್ನು ಹತ್ತಿರದ ಬಂಧು ಅನ್ನುತ್ತಾರೆ. ಹಾಗೆ ಓದಿದರೂ ಮನೆಯವನೇ ಅಲ್ವಾ? 62ರಲ್ಲಿ ಈ ಯಾಕೋಬನನ್ನು ಕೊಲ್ಲಿಸಿದ ಸಂಗತಿಯನ್ನು ಯೆಹೂದಿ ಇತಿಹಾಸಕಾರ ಜೋಸೆಫಸ್ ಕೂಡ ಬರೆದಿದ್ದಾನೆ.

ಅದೇ ಪತ್ರದಲ್ಲಿ ಪಂಕ್ತಿಯ ಜಗಳವೂ ಇದೆ. ಸಿರಿಯಾದ ಅಂತಿಯೋಕ್ಯ ಪಟ್ಟಣದಲ್ಲಿ ಪೇತ್ರ ಯೆಹೂದ್ಯರಲ್ಲದವರ ಜೊತೆ ಕೂತು ಉಣ್ಣುತ್ತಿದ್ದ. ಯಾಕೋಬನ ಕಡೆಯವರು ಬಂದ ಮೇಲೆ, ಸುನ್ನತಿ ಬೇಕೆನ್ನುವವರಿಗೆ ಹೆದರಿ ಮೆಲ್ಲಗೆ ಹಿಂದೆ ಸರಿದ. ಪೌಲ ಎಲ್ಲರೆದುರೇ ಅವನನ್ನು ತರಾಟೆಗೆ ತೆಗೆದುಕೊಂಡ. ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತರಲ್ಲೂ ಊಟದ್ದೇ ರಗಳೆ: ಉಳ್ಳವರು ಮೊದಲೇ ತಿಂದು ಕುಡಿದು ಅಮಲೇರುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಅವರನ್ನು ಗದರುತ್ತಲೇ ಪೌಲ ಯೇಸುವಿನ ಕೊನೆಯ ಊಟ ನೆನಪಿಸುತ್ತಾನೆ. ತನ್ನನ್ನು ವೈರಿಗಳಿಗೆ ಹಿಡಿದುಕೊಟ್ಟ ಆ ರಾತ್ರಿ ರೊಟ್ಟಿ ಮುರಿದು ಯೇಸು ಆಡಿದ ಮಾತು ನಮಗೆ ಬರಹದಲ್ಲಿ ಮೊದಲು ಸಿಗುವುದು ಇಲ್ಲೇ.

ಹಿಂಬಾಲಕರ ಬಗ್ಗೆಯಂತೂ ಜಾಸ್ತಿಯೇ ಸಿಗುತ್ತದೆ. ಪೇತ್ರನೂ ಯೇಸುವಿನ ಸಹೋದರರೂ ಹೆಂಡತಿಯರ ಜೊತೆ ಊರೂರು ತಿರುಗುತ್ತಿದ್ದರು. ಕೊರಿಂಥದ ಬಂದರು ಕೆಂಕ್ರೆಯ ಕ್ರೈಸ್ತ ಸಭೆಯ ಸೇವಕಿ ಫೊಯಿಬೆಯನ್ನು ಚೆನ್ನಾಗಿ ಬರಮಾಡಿಕೊಳ್ಳಿ ಎಂದು ಪೌಲ ರೋಮಿನವರನ್ನು ಕೇಳಿಕೊಳ್ಳುತ್ತಾನೆ. ತನಗೂ ಅನೇಕರಿಗೂ ಅವಳು ಆಸರೆಯಾಗಿದ್ದಳು ಅನ್ನುತ್ತಾನೆ. ಆ ಹೊತ್ತಿಗೆ ಅವನು ಯೆರೂಸಲೇಮಿಗೆ ಹೊರಟು ನಿಂತಿದ್ದ. ಗ್ರೀಸಿನ ಕಡೆಯ ಪ್ರಾಂತಗಳಾದ ಮೆಕೆದೋನ್ಯ, ಅಖಾಯದವರು ಅಲ್ಲಿನ ಬಡವರಿಗೆ ಅಂತ ಕೂಡಿಸಿದ ಹಣ ತಲುಪಿಸಬೇಕಿತ್ತು. ಯಾಕೋಬನ ಊರಿನ ಜನ ಆ ಹಣ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂಬ ಅಳುಕು ಅವನಿಗೆ. ತೆಗೆದುಕೊಳ್ಳುವಂತೆ ಪ್ರಾರ್ಥಿಸಿ ಅಂತ ರೋಮಿನವರಿಗೇ ಬರೆಯುತ್ತಾನೆ.