ಯಾವ ಗೇಟು, ಎಷ್ಟು ಗಂಟೆಗೆ

2022ರ ಫೆಬ್ರವರಿ 24ರ ಬೆಳಗ್ಗೆ ರಷ್ಯಾ ದಾಳಿ ಶುರು ಮಾಡಿದ್ದರಿಂದ ಉಕ್ರೇನಿನ ವಾಯುಮಾರ್ಗ ಮುಚ್ಚಿತು. ಅಲ್ಲಿನ ರಾಜಧಾನಿ ಕೀವ್‌ಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಅರ್ಧ ದಾರಿಯಿಂದ ದೆಹಲಿಗೆ ವಾಪಸಾಯಿತು. ಅವತ್ತಿನಿಂದ ಹಾಸನ ಜಿಲ್ಲೆಯಲ್ಲಿ, ಉಕ್ರೇನಿನಲ್ಲಿ ಎಂಬಿಬಿಎಸ್ ಓದುತ್ತಿದ್ದ ಮಕ್ಕಳ ಮನೆಗಳಲ್ಲಿ, ರಾತ್ರಿಯೂ ಟೀವಿ ಆರಲಿಲ್ಲ. ಆ ಮನೆಗಳವರ ವಿವರ ಕೂಡಿಸಿ ಮೇಲಕ್ಕೆ ಕಳಿಸುವುದು, ಅಲ್ಲಿಂದ ಬಂದ ಸೂಚನೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ನಮ್ಮಂಥ ಕೆಲವರ ಪಾಲಿಗೆ ಬಂತು.

ಎಲ್ಲರ ಕಣ್ಣೂ ಕೀವ್‌ನ ಭಾರತೀಯ ರಾಯಭಾರ ಕಚೇರಿಯ ಮೇಲಿತ್ತು. ಆದರೆ ಆಕಾಶ ಮುಚ್ಚಿದ ಮೇಲೆ ಉಳಿದದ್ದು ನೆಲದ ದಾರಿ ಮಾತ್ರ. ಪೋಲೆಂಡ್, ಹಂಗೇರಿ, ಸ್ಲೊವಾಕಿಯಾ, ರೊಮೇನಿಯಾ ಗಡಿಗಳ ಪರಿಸ್ಥಿತಿ ಗಂಟೆಗಂಟೆಗೂ ಗೊತ್ತಿದ್ದದ್ದು ಅಲ್ಲಿನ ನಮ್ಮ ಕಚೇರಿಗಳಿಗೆ. ಪಕ್ಕದ ದೇಶದಲ್ಲಿ ಕೂತ ಕಚೇರಿಗೆ ಬಾಂಬಿನ ಕಾಟವಿಲ್ಲ, ಇಂಟರ್ನೆಟ್ ಇದೆ, ಬಸ್ಸು ಬಾಡಿಗೆಗೆ ಸಿಗುತ್ತದೆ, ಅಲ್ಲಿನ ಗಡಿ ಪೊಲೀಸರ ಜೊತೆ ಮಾತಾಡುವ ದಾರಿ ಇದೆ. ನಮ್ಮ ಪ್ರಕಾರ ಇಂಥ ಸಮಯದಲ್ಲಿ ಮನೆಯವರು ಮೊದಲು ನೋಡಬೇಕಾದ್ದು ಆ ಕಚೇರಿ ಹೇಳುವುದನ್ನು. ಟೀವಿ ಹೇಳುವುದನ್ನಲ್ಲ.

ಆ ಕಚೇರಿ ಕಣ್ಣಿಡುವುದು ಯುದ್ಧದ ಮೇಲಲ್ಲ, ಗೇಟುಗಳ ಮೇಲೆ, ಅಂದರೆ ಗಡಿ ದಾಟುವ ಜಾಗಗಳ ಮೇಲೆ. ಯಾವ ಗೇಟಿನಲ್ಲಿ ಸಾಲು ಎಷ್ಟುದ್ದ, ವಿದೇಶಿಯರನ್ನು ಯಾವ ಸಾಲಿನಲ್ಲಿ ಬಿಡುತ್ತಿದ್ದಾರೆ, ದಾಟಿದವರಿಗೆ ಆಚೆ ಬಸ್ಸು ಇದೆಯೇ, ಮಲಗಲು ಜಾಗ ಇದೆಯೇ, ವಿಮಾನ ಯಾವಾಗ. ಇವಿಷ್ಟೂ ಕೂಡಿದರೆ ಮಾತ್ರ ಒಂದು ಗೇಟು ಉಪಯೋಗಕ್ಕೆ ಬರುತ್ತದೆ. ಪಶ್ಚಿಮ ಉಕ್ರೇನಿನ ಲಿವಿವ್ ನಗರದ ಕಡೆಯಿಂದ ಪೋಲೆಂಡಿಗೆ ಹೋಗುವವರೆಲ್ಲ ಶೆಹಿನಿ–ಮೆದಿಕಾ ಗೇಟಿಗೇ ನುಗ್ಗಿದ್ದರು. ವಾಹನಗಳು ಮುಂದೆ ಸಾಗದೆ ಮೂವತ್ತು ಕಿಲೋಮೀಟರ್ ನಡೆದ ಮಕ್ಕಳಿದ್ದಾರೆ. ನಡೆದು ಮುಟ್ಟಿದರೂ ಸೊನ್ನೆಯ ಆಸುಪಾಸಿನ ಚಳಿಯಲ್ಲಿ ರಾತ್ರಿಯೆಲ್ಲ ನಿಲ್ಲಬೇಕು. ಮಾರ್ಚ್ ಮೊದಲ ದಿನಗಳಲ್ಲಿ ಪೋಲೆಂಡಿನ ನಮ್ಮ ಕಚೇರಿ ಬರೆದದ್ದು ಬಹಳ ಸರಳ: ಶೆಹಿನಿ ಬಿಡಿ, ಬುದೊಮಿಯೆಜ್ ಗೇಟಿಗೆ ಬನ್ನಿ, ಅಲ್ಲಿ ಬೇಗ ದಾಟಬಹುದು, ಇಲ್ಲವಾದರೆ ದಕ್ಷಿಣಕ್ಕೆ ಇಳಿದು ಹಂಗೇರಿ ಅಥವಾ ರೊಮೇನಿಯಾ ಮೂಲಕ ಹೋಗಿ. ಈ ಒಂದು ಸೂಚನೆ ಸಮಯಕ್ಕೆ ಸಿಕ್ಕವರಿಗೂ ಸಿಗದವರಿಗೂ ಒಂದೆರಡು ರಾತ್ರಿಯ ವ್ಯತ್ಯಾಸ.

ಅದಕ್ಕೂ ಮೊದಲು, ಫೆಬ್ರವರಿ 26ರಂದು, ಕೀವ್ ಕಚೇರಿ ಹೇಳಿದ್ದು ಬೇರೆಯೇ: ಗಡಿಯಲ್ಲಿರುವ ನಮ್ಮ ಅಧಿಕಾರಿಗಳಿಗೆ ಮೊದಲೇ ತಿಳಿಸದೆ ಯಾವ ಗೇಟಿಗೂ ಹೊರಡಬೇಡಿ. ಮನೆಗಳಲ್ಲಿ ಇದಕ್ಕೆ ಸಿಟ್ಟು ಬಂತು. ಕಾರಣ ಅದೇ ಸೂಚನೆಯಲ್ಲಿತ್ತು. ಪಶ್ಚಿಮದ ಊರುಗಳಲ್ಲಿ ನೀರು, ಊಟ, ಇರಲು ಜಾಗ ಸಿಗುತ್ತದೆ, ಗೇಟಿನ ಮುಂದೆ ಅದು ಸಿಗುವುದಿಲ್ಲ. ತಿಳಿಸದೆ ಬಂದವರನ್ನು ದಾಟಿಸುವುದೂ ಕಷ್ಟ. ಎರಡು ದಿನ ಕಳೆದು 28ಕ್ಕೆ ಕೀವ್‌ನಲ್ಲಿ ಕರ್ಫ್ಯೂ ಸಡಿಲವಾದಾಗ ರೈಲ್ವೆ ಸ್ಟೇಷನ್‌ಗೆ ಹೋಗಿ ಎಂದರು. ಮಾರ್ಚ್ 1ಕ್ಕೆ, ಇವತ್ತೇ ಕೀವ್ ಬಿಡಿ ಎಂದರು.

ಎಡವಟ್ಟಾಗಿದ್ದು ಇಲ್ಲೇ. ವಾಟ್ಸಾಪಿನಲ್ಲಿ ಓಡಾಡುತ್ತಿದ್ದ ಸ್ಕ್ರೀನ್‌ಶಾಟುಗಳಲ್ಲಿ ಮೇಲಿನ ತಾರೀಖು ಕತ್ತರಿಸಿಹೋಗಿರುತ್ತಿತ್ತು. 26ರ ಸೂಚನೆ 1ನೇ ತಾರೀಖು ಮಗನಿಗೆ ತಲುಪಿದರೆ ಅವನು ಬಂಕರಿನಲ್ಲೇ ಕೂರುತ್ತಾನೆ. ಹಾಗಾಗಿ ನಮ್ಮಲ್ಲೊಂದು ನಿಯಮ ಮಾಡಿಕೊಂಡೆವು. ತಾರೀಖು, ಊರಿನ ಹೆಸರು, ಯಾವ ಕಚೇರಿಯ ಸೂಚನೆ ಎಂಬ ಮೂರೂ ಕಾಣದ ಚಿತ್ರವನ್ನು ಮುಂದಕ್ಕೆ ದಾಟಿಸುವಂತಿಲ್ಲ. ಕೀವ್‌ನವರಿಗೆ ಹೇಳಿದ್ದು ಈಶಾನ್ಯದ ಸುಮಿ ನಗರದವರಿಗೆ ಅನ್ವಯಿಸುವುದಿಲ್ಲ. ಸುಮಿಯ ಮಕ್ಕಳು ಹೊರಬಿದ್ದದ್ದೇ ಮಾರ್ಚ್ 8ಕ್ಕೆ, ಪೊಲ್ಟಾವಾ ದಾರಿಯಲ್ಲಿ.

ಇನ್ನೊಂದು, ಗಡಿಯಾರ. ಆ ಕಾಲದಲ್ಲಿ ಉಕ್ರೇನ್, ರೊಮೇನಿಯಾ ನಮಗಿಂತ ಮೂರೂವರೆ ಗಂಟೆ ಹಿಂದೆ. ಪೋಲೆಂಡ್, ಹಂಗೇರಿ, ಸ್ಲೊವಾಕಿಯಾ ನಾಲ್ಕೂವರೆ ಗಂಟೆ ಹಿಂದೆ. ಮಾರ್ಚ್ 2ರಂದು ಖಾರ್ಕಿವ್ ನಗರದವರಿಗೆ ಬಂದ ಸೂಚನೆ ಹೀಗಿತ್ತು: ಸಂಜೆ ಆರರೊಳಗೆ ಪೆಸೊಚಿನ್, ಬಬಾಯೆ, ಬೆಜ್‌ಲ್ಯುದೊವ್ಕಾ, ಈ ಮೂರರಲ್ಲಿ ಒಂದನ್ನು ಸೇರಿಕೊಳ್ಳಿ, ವಾಹನ ಸಿಗದಿದ್ದರೆ ನಡೆದೇ ಹೋಗಿ. ದೂರ 11, 12, 16 ಕಿಲೋಮೀಟರ್, ಹೆಚ್ಚುಕಡಿಮೆ ಹಾಸನದಿಂದ ಶಾಂತಿಗ್ರಾಮಕ್ಕೆ ನಡೆದಷ್ಟು. ಹಾವೇರಿ ಜಿಲ್ಲೆಯ ಚಳಗೇರಿಯ ಹುಡುಗ ಖಾರ್ಕಿವ್‌ನಲ್ಲೇ ಹಿಂದಿನ ದಿನವಷ್ಟೇ ತೀರಿಕೊಂಡಿದ್ದ. ಯಾರ ಎದೆಯಲ್ಲೂ ಧೈರ್ಯವಿರಲಿಲ್ಲ. ನಮ್ಮ ಗಡಿಯಾರದಲ್ಲಿ ಆರು ದಾಟಿದ್ದೇ ತಡ, ಒಬ್ಬ ತಂದೆಯ ಫೋನು.

"ಆರು ಗಂಟೆ ಆಗೋಯ್ತಲ್ಲ ಸಾರ್, ಇನ್ನೇನ್ ಗತಿ?"

"ಅಲ್ಲಿ ಈಗಿನ್ನೂ ಎರಡೂವರೆ ಕಣಣ್ಣ. ನಮ್ ರಾತ್ರಿ ಒಂಬತ್ತೂವರೆಗೆ ಅವ್ರಿಗೆ ಆರು. ಮಗಳು ಎಲ್ಲಿದಾಳೆ, ನಡೀತಿದಾಳಾ? ಅಷ್ಟು ಹೇಳಿ."

ಅಂದಿನಿಂದ ಎಲ್ಲ ಸಂದೇಶದಲ್ಲೂ ಎರಡು ಸಮಯ ಬರೆಯತೊಡಗಿದೆವು, ಅವರದ್ದು ಮೊದಲು, ನಮ್ಮದು ಆಮೇಲೆ.

ಮನೆಯವರಿಂದ ಬರೆಸಿಕೊಂಡ ಹಾಳೆ ಸಾದಾ ಗೆರೆ ಹಾಳೆಯೇ. ಪಾಸ್‌ಪೋರ್ಟಿನಲ್ಲಿರುವಂತೆ ಹೆಸರು, ಪಾಸ್‌ಪೋರ್ಟ್ ನಂಬರು, ಅಲ್ಲಿನ ಫೋನು, ಇಲ್ಲಿನ ಫೋನು, ಈಗಿರುವ ಊರು ಮತ್ತು ಕಟ್ಟಡ, ಜೊತೆಯಲ್ಲಿ ಎಷ್ಟು ಜನ, ಕೊನೆಯ ಸಲ ಮಾತಾಡಿದ ಹೊತ್ತು. ಈ ಕೊನೆಯ ಕಾಲಂ ಇಲ್ಲದ ಪಟ್ಟಿಗೆ ಬೆಲೆಯಿಲ್ಲ. ನಿನ್ನೆ ಹಾಸ್ಟೆಲಿನಲ್ಲಿದ್ದವಳು ಇವತ್ತು ರೈಲಿನಲ್ಲಿರುತ್ತಾಳೆ. ಹೆಸರಿನಲ್ಲೂ ತೊಡಕು. ಮನೆಯಲ್ಲಿ ಕರೆಯುವ ಹೆಸರು ಕೊಡುತ್ತಾರೆ, ಇನಿಷಿಯಲ್ ಹಿಂದೆಮುಂದೆ ಮಾಡುತ್ತಾರೆ. ಒಂದೇ ಹುಡುಗಿ ಎರಡು ಪಟ್ಟಿಯಲ್ಲಿ ಇಬ್ಬರಾಗುತ್ತಾಳೆ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಫೋಟೋ ಮನೆಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಪಟ್ಟಿ ಜಿಲ್ಲಾಧಿಕಾರಿ ಕಚೇರಿಯ ಕಂಟ್ರೋಲ್ ರೂಮಿಗೆ ಹೋಗಬೇಕು, ನಂಬರು 1077. ರಾಜ್ಯದ್ದು 1070.

ನಿವಾಸ ಪರವಾನಗಿಗೆಂದು ಪಾಸ್‌ಪೋರ್ಟನ್ನು ಏಜೆಂಟರ ಕೈಗೆ ಕೊಟ್ಟು ಕೂತವರ ಪಾಡು ಬೇರೆ. ಕಳೆದುಹೋದರೆ ರಾಯಭಾರ ಕಚೇರಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತದೆ, ಭಾರತಕ್ಕೆ ವಾಪಸು ಬರಲಷ್ಟೇ ಅದು ನಡೆಯುತ್ತದೆ. ಅದಕ್ಕೂ ಹಳೆಯ ಪಾಸ್‌ಪೋರ್ಟಿನ ನಕಲು ಇದ್ದರೆ ಕೆಲಸ ಬೇಗ.

ಫೆಬ್ರವರಿ 25ರ ಸೂಚನೆಯಲ್ಲಿ ಕೈಯಲ್ಲಿರಬೇಕಾದ್ದೂ ಇತ್ತು: ಪಾಸ್‌ಪೋರ್ಟ್, ನಗದು, ಅದೂ ಆದರೆ ಡಾಲರ್, ಕೋವಿಡ್ ಎರಡು ಡೋಸಿನ ಸರ್ಟಿಫಿಕೇಟ್, ಬಸ್ಸಿಗೆ ಅಂಟಿಸಲು ಭಾರತದ ಬಾವುಟದ ಪ್ರಿಂಟು. ನಾವು ಸೇರಿಸಿದ್ದು ಫೋನಿನ ವಿಚಾರ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಫೋನು ಅಂಗಿಯೊಳಗೆ, ಮೈಗೆ ತಾಗಿ ಇರಬೇಕು. ವಿಡಿಯೋ ಕಾಲ್ ಬೇಡ. ಗೊತ್ತಾದ ಹೊತ್ತಿಗೆ ಒಂದು ಮೆಸೇಜು, ಒಂದು ಲೊಕೇಶನ್ ಸಾಕು. ಇದನ್ನು ಮಕ್ಕಳಿಗೆ ಒಪ್ಪಿಸುವುದು ಸುಲಭವಿತ್ತು. ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡುವ ಅಜ್ಜಿಗೆ, ದೊಡ್ಡಪ್ಪನಿಗೆ, ಬೆಂಗಳೂರಿನ ಅತ್ತೆಗೆ ಒಪ್ಪಿಸುವುದೇ ಪಡಿಪಾಟಲು. ಮನೆಗೊಬ್ಬರೇ ಮಾತಾಡಬೇಕು, ಉಳಿದವರು ಅವರನ್ನು ಕೇಳಿಕೊಳ್ಳಬೇಕು ಎಂದು ಗಟ್ಟಿಯಾಗಿಯೇ ಹೇಳಬೇಕಾಯಿತು.

ಕೀವ್ ಕಚೇರಿ ಮೊದಲೇ ಎಚ್ಚರಿಸಲಿಲ್ಲ ಎಂಬ ದೂರು ಆಗ ಎಲ್ಲ ಕಡೆ ಇತ್ತು. ಅದು ಪೂರ್ತಿ ನಿಜವಲ್ಲ. ಫೆಬ್ರವರಿ 15ಕ್ಕೇ ಹೇಳಿತ್ತು, 20ಕ್ಕೆ ಮತ್ತೆ ಹೇಳಿತ್ತು, ಆನ್‌ಲೈನ್ ಕ್ಲಾಸಿನ ಖಾತ್ರಿಗೆ ಕಾಯದೆ ಹೊರಡಿ ಎಂದು 22ಕ್ಕೆ ಇನ್ನೂ ಬಿಡಿಸಿ ಹೇಳಿತ್ತು. ಆದರೆ ಮೊದಲ ಸೂಚನೆ ಮೆತ್ತಗಿತ್ತು, ಇರಲೇಬೇಕಾದ ಅಗತ್ಯವಿಲ್ಲದವರು ಹೊರಡುವುದನ್ನು ಯೋಚಿಸಬಹುದು ಎನ್ನುವಷ್ಟೇ. ಹಾಜರಾತಿಯ ಭಯ ಇರುವ ಹುಡುಗ, ಸಾಲ ಮಾಡಿ ಫೀಸು ಕಟ್ಟಿದ ಅಪ್ಪ ಅದನ್ನು ಓದಿ ಟಿಕೆಟ್ ಮಾಡಿಸುತ್ತಾರೆಯೇ? ಆದ್ದರಿಂದ ಮೊದಲ ಸೂಚನೆ ಎಷ್ಟೇ ಮೆತ್ತಗಿರಲಿ, ಅದು ಬಂದ ದಿನವೇ ಟಿಕೆಟ್ಟಿನ ದರ ನೋಡಿ ಎಂದೇ ಈಗ ಕೇಳಿದವರಿಗೆಲ್ಲ ಹೇಳುವುದು.

ಗಡಿ ದಾಟಿದ ಮೇಲಿನದ್ದು ಹೆಚ್ಚು ಗೋಜಲಾಗಲಿಲ್ಲ. ಕೋವಿಡ್‌ನ ಆರ್‌ಟಿಪಿಸಿಆರ್ ಪರೀಕ್ಷೆ ಬೇಕೆಂಬ ನಿಯಮವನ್ನು ಇವರಿಗೆ ಸಡಿಲಿಸಿದ್ದರು. ಮಾರ್ಚ್ 6ಕ್ಕೆ ಬುಡಾಪೆಸ್ಟಿನ ಕಚೇರಿ, ಬೆಳಗ್ಗೆ ಹತ್ತರಿಂದ ಹನ್ನೆರಡರೊಳಗೆ ನಗರದ ಗೊತ್ತಾದ ಜಾಗಕ್ಕೆ ಬನ್ನಿ, ಇದು ನಮ್ಮವರನ್ನು ವಾಪಸು ಕರೆತರುವ ಸರ್ಕಾರದ ಕಾರ್ಯಾಚರಣೆ ಆಪರೇಷನ್ ಗಂಗಾದ ಕೊನೆಯ ಹಂತ ಎಂದಿತು. ನಮ್ಮ ಲೆಕ್ಕದಲ್ಲಿ ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆ.

2025ರ ಜೂನ್ 23ರ ರಾತ್ರಿ ಇದೇ ಕ್ರಮ ಮತ್ತೆ ಕೆಲಸಕ್ಕೆ ಬಂತು. ಕತಾರ್ ವಾಯುಮಾರ್ಗ ಮುಚ್ಚಿತು, ಸ್ವಲ್ಪ ಹೊತ್ತಿಗೇ ಇರಾನ್ ಅಲ್ಲಿನ ಅಲ್ ಉದೈದ್ ಎಂಬ ಅಮೆರಿಕದ ಸೇನಾ ನೆಲೆಯ ಮೇಲೆ ಕ್ಷಿಪಣಿ ಹಾರಿಸಿತು. ಎಚ್ಚರಿಕೆಯಿಂದಿರಿ, ಮನೆಯೊಳಗೇ ಇರಿ ಎಂದು ದೋಹಾದ ಭಾರತೀಯ ರಾಯಭಾರ ಕಚೇರಿ ಹೇಳಿತು. ಅಲ್ಲಿ ದುಡಿಯುವವರ ಮನೆಯವರು ಇಲ್ಲಿ ಕೇಳಿದ್ದು ಒಂದೇ ಮಾತು, ಏರ್‌ಪೋರ್ಟಿಗೆ ಹೋಗಿ ಕೂರಲು ಹೇಳೋಣವೇ? ಬೇಡ ಎಂದೆವು. ಉಕ್ರೇನಿನಂತೆ ಹಲವು ದೇಶಗಳತ್ತ ಗೇಟು ಅಲ್ಲಿಲ್ಲ, ನೆಲದ ಗಡಿ ಇರುವುದು ಸೌದಿಯೊಂದಿಗೆ ಮಾತ್ರ. ವಿಮಾನ ಹಾರದ ಹೊತ್ತಿನಲ್ಲಿ ಏರ್‌ಪೋರ್ಟಿನ ಜನಜಂಗುಳಿಗಿಂತ ರೂಮೇ ವಾಸಿ. ಪಾಸ್‌ಪೋರ್ಟು, ಕತಾರ್ ಐಡಿಯ ಫೋಟೋ ಕಳಿಸಿಕೊಳ್ಳಿ, ಟಿಕೆಟ್ ಇದ್ದವರು ಏರ್‌ಲೈನಿನ ಮೆಸೇಜಿಗೆ ಕಾಯಲಿ ಎಂದೆವು. ಕೆಲವೇ ಗಂಟೆಗಳಲ್ಲಿ ವಾಯುಮಾರ್ಗ ತೆರೆಯಿತು. ತಪ್ಪಿದ ವಿಮಾನಗಳ ಟಿಕೆಟ್ ಬದಲಾಯಿಸುವ ಪರದಾಟ ಮಾತ್ರ ಆಮೇಲೂ ಮುಗಿಯಲಿಲ್ಲ.