80 ಅಕ್ಷರದ ಬ್ಯಾಕಪ್

ಶನಿವಾರ ರಾತ್ರಿ ರಿಲೀಸ್. ಒರಾಕಲ್ ಡೇಟಾಬೇಸಿನಲ್ಲಿ ಬಡ್ಡಿ ರಿಪೋರ್ಟಿನ ವ್ಯೂ ಒಂದನ್ನು, ಅಂದರೆ ಹೆಸರಿಟ್ಟು ಉಳಿಸಿದ ಕ್ವೆರಿಯನ್ನು, ಬದಲಾಯಿಸಬೇಕಿತ್ತು. ಅದಕ್ಕೆ ಮೊದಲು, ಒರಾಕಲ್‌ಗೆ ಕಮಾಂಡ್ ಕೊಡುವ ಎಸ್‌ಕ್ಯೂಎಲ್ ಪ್ಲಸ್‌ನಲ್ಲಿ, ಔಟ್‌ಪುಟ್ ಫೈಲಿನಲ್ಲಿ ಉಳಿಯಲಿ ಅಂತ ಸ್ಪೂಲ್ ಹಾಕಿ, ಯೂಸರ್_ವ್ಯೂಸ್‌ನಿಂದ ಹಳೆಯ ವ್ಯೂನ ಕೋಡ್ ಇರುವ ಟೆಕ್ಸ್ಟ್ ಕಾಲಮ್ ತೆಗೆದೆ. ಸ್ಕ್ರೀನ್ ಮೇಲೆ ಒಂದೇ ಸಾಲು ಬಂತು. ನೋಡಿದೆ, ನೋಡಿಲ್ಲ ಅಂತಲ್ಲ. ಸ್ಕ್ರೀನಿಗೆ ಇಷ್ಟೇ ಹಿಡಿಸಿರಬೇಕು, ಫೈಲಿನಲ್ಲಿ ಪೂರ್ತಿ ಇರುತ್ತೆ ಅಂದುಕೊಂಡೆ. ಚೆಕ್‌ಲಿಸ್ಟಿನಲ್ಲಿ ‘ಬ್ಯಾಕಪ್ ಆಗಿದೆ’ ಅಂತ ಟಿಕ್ ಹಾಕಿ, ಹಳೆಯ ವ್ಯೂ ಅಳಿಸಿ ಹೊಸದನ್ನು ಕೂರಿಸುವ ಕ್ರಿಯೇಟ್ ಆರ್ ರೀಪ್ಲೇಸ್ ಓಡಿಸಿದೆ.

ಹನ್ನೆರಡೂವರೆಗೆ ಟೆಸ್ಟಿಂಗ್‌ನವರ ಫೋನ್. ಮೊತ್ತ ತಾಳೆ ಆಗ್ತಿಲ್ಲ. ಕಾಲ್‌ನಲ್ಲಿ ಮ್ಯಾನೇಜರ್, “ಹಳೆಯದಕ್ಕೆ ರೋಲ್‌ಬ್ಯಾಕ್ ಮಾಡೋಕೆ ಎಷ್ಟು ಹೊತ್ತು ಬೇಕು?” ಅಂದರು. “ಐದು ನಿಮಿಷ ಸಾರ್” ಅಂದೆ. ಎಷ್ಟು ಧೈರ್ಯ ನೋಡಿ.

ಫೈಲ್ ತೆರೆದೆ. ಸೆಲೆಕ್ಟ್ ಇತ್ತು, ನಾಲ್ಕೈದು ಕಾಲಮ್ ಇತ್ತು, ‘ಕೇಸ್ ವೆನ್ ಎ.ಸ್ಟೇ’ ಅಂತ ಪದದ ಮಧ್ಯದಲ್ಲೇ ನಿಂತಿತ್ತು. ಕೆಳಗೆ ಸ್ಕ್ರಾಲ್ ಮಾಡಲು ಏನೂ ಇರಲಿಲ್ಲ. ಹಳೆಯ ವ್ಯೂ ನೂರಕ್ಕೂ ಜಾಸ್ತಿ ಸಾಲಿನದು. ಮತ್ತೆ ತೆರೆದೆ. ತಪ್ಪು ಫೋಲ್ಡರ್ ಇರಬಹುದು ಅಂತ ಇನ್ನೊಮ್ಮೆ. ಕಾಲ್‌ನಲ್ಲಿ ಎಲ್ಲರೂ ಸುಮ್ಮನಿದ್ದರು, ನನ್ನ ಕೀಬೋರ್ಡ್ ಸದ್ದು ನನಗೇ ಕೇಳ್ತಿತ್ತು.

ಆ ಟೆಕ್ಸ್ಟ್ ಕಾಲಮ್ ಲಾಂಗ್ ಅನ್ನೋ ಜಾತಿಯದು, ಉದ್ದ ಪಠ್ಯಕ್ಕೆ ಇರೋದು. ಅಂಥ ಕಾಲಮ್ಮಿನಿಂದ ಎಷ್ಟು ತೋರಿಸಬೇಕು ಅನ್ನೋದಕ್ಕೆ ಎಸ್‌ಕ್ಯೂಎಲ್ ಪ್ಲಸ್‌ನ ಡೀಫಾಲ್ಟ್ 80 ಅಕ್ಷರ. ಕತ್ತರಿಸಿದ್ದೇನೆ ಅಂತ ಒಂದು ಮಾತೂ ಹೇಳೋದಿಲ್ಲ. ಸ್ಕ್ರೀನಿನಲ್ಲಿ ಬಂದಿದ್ದೇ ಸ್ಪೂಲ್ ಫೈಲಿಗೂ ಹೋಗುತ್ತದೆ, ಅಷ್ಟೇ. ಉದ್ದ ಪಠ್ಯದ ಇನ್ನೊಂದು ಜಾತಿ ಕ್ಲಾಬ್‌ಗೂ ಇದೇ ಕಥೆ.

ಕೊನೆಗೆ ಉಳಿಸಿದ್ದು ಯಾರೂ ರಿಫ್ರೆಶ್ ಮಾಡದೆ ಬಿಟ್ಟಿದ್ದ ಟ್ರೈನಿಂಗ್ ಡೇಟಾಬೇಸ್. ಹಳೆಯ ವ್ಯೂ ಅಲ್ಲಿ ಹಾಗೇ ಇತ್ತು. ಈ ಸಲ ‘ಸೆಟ್ ಲಾಂಗ್ 1000000’ ಕೊಟ್ಟೆ. ಒಂದು ಸಲಕ್ಕೆ ಎಷ್ಟು ದೊಡ್ಡ ತುಂಡು ತರಬೇಕು ಅನ್ನೋ ಲಾಂಗ್‌ಚಂಕ್‌ಸೈಜ್ ಕೂಡ 80 ಅನ್ನೋದು ಮರೆತಿದ್ದೆ, ಉದ್ದ ಸಾಲುಗಳು ಪದದ ನಡುವೆ ಮುರಿದು ಬಂದವು. ಅದನ್ನೂ ಸಾಲಿನ ಅಗಲದ ಲೈನ್‌ಸೈಜನ್ನೂ ಏರಿಸಿ ಮತ್ತೆ ತೆಗೆದೆ. ಅದೇ ವ್ಯೂ ಹೌದಾ ಅಂತ ಮೊದಲ 80 ಅಕ್ಷರ ತಾಳೆ ನೋಡಿದೆ. ನನ್ನ ಬ್ಯಾಕಪ್ ಉಪಯೋಗಕ್ಕೆ ಬಂದಿದ್ದು ಅಲ್ಲಿ ಮಾತ್ರ. ಐದು ನಿಮಿಷದ ಕೆಲಸ ಎರಡು ಗಂಟೆಗೆ ಮುಗಿಯಿತು.

ಸೋಮವಾರ ಆರ್‌ಸಿಎ, ಅಂದರೆ ತಪ್ಪಿನ ಮೂಲ ಕಾರಣದ ವರದಿ, ಬರೆದೆ. ಸೆಟ್ಟಿಂಗ್‌ಗಳನ್ನು, ಎಸ್‌ಕ್ಯೂಎಲ್ ಪ್ಲಸ್ ಶುರುವಾಗುವಾಗ ಓದುವ ಲಾಗಿನ್.ಎಸ್‌ಕ್ಯೂಎಲ್ ಫೈಲಿಗೆ, ಎಲ್ಲರದಕ್ಕೂ ಹಾಕೋಣ ಅಂದೆ. ಒರಾಕಲ್ 12.2ರಿಂದ ಆ ಫೈಲ್ ಸುಮ್ನೆ ಈಗಿರೋ ಫೋಲ್ಡರಿನಲ್ಲಿದ್ದರೆ ಓದೋದಿಲ್ಲ, ಫೈಲ್ ಯಾವ ಫೋಲ್ಡರಿನಲ್ಲಿದೆ ಅಂತ ಹೇಳೋ ಒರಾಕಲ್_ಪಾತ್ ಸೆಟ್ ಮಾಡಬೇಕು. ಅದಕ್ಕೆ ಸರ್ವರ್ ಟೀಮಿಗೆ ಟಿಕೆಟ್ ಹಾಕಿದ್ದೇನೆ, ಇನ್ನೂ ಓಪನ್ ಇದೆ. ಮ್ಯಾನೇಜ್‌ಮೆಂಟ್ ಮಾತ್ರ ಚುರುಕು: ಚೆಕ್‌ಲಿಸ್ಟಿಗೆ ‘ಬ್ಯಾಕಪ್ ತೆರೆದು ನೋಡಿದ್ದೀರಾ?’ ಅಂತ ಹೊಸ ಸಾಲು ಸೇರಿಸಿದರು. ಕಳೆದ ವಾರ ನಮ್ಮ ಹುಡುಗನೊಬ್ಬ ರಿಲೀಸ್ ಶುರುವಾಗೋ ಮೊದಲೇ ಅದಕ್ಕೂ ಟಿಕ್ ಹಾಕಿ ಕೂತಿದ್ದ.